ಹೊಸ ಊರಿಗೆ ಬಂದ ಮಗುವಿಗೆ ಹಕ್ಕಿ ನೋಡುವ ಹವ್ಯಾಸ: ಮೈಸೂರು, ಮಂಡ್ಯದ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿಗೆ ಹೊಸದಾಗಿ ಬಂದು ನೆಲೆಸುವ ಕುಟುಂಬಗಳಲ್ಲಿ ಎಲ್ಲ ಥರದವರೂ ಇದ್ದಾರೆ. ಅಮೆರಿಕ, ಇಂಗ್ಲೆಂಡ್, ದುಬೈಯಿಂದ ವಾಪಸ್ ಬಂದವರು ಇದ್ದಾರೆ. ನೇಪಾಳ, ಒಡಿಶಾ, ಬಿಹಾರದಿಂದ ಕೆಲಸ ಹುಡುಕಿಕೊಂಡು ಬಂದವರಿದ್ದಾರೆ. ಯೋಗ ಕಲಿಯಲು ಗೋಕುಲಂಗೆ ಬಂದು ಇಲ್ಲೇ ಉಳಿದವರೂ ಇದ್ದಾರೆ. ದೊಡ್ಡವರಿಗೆ ಊರು ಬಿಡಲು ಒಂದು ಕಾರಣ ಇರುತ್ತದೆ. ಮಕ್ಕಳನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ಭಾನುವಾರ ಬೆಳಗ್ಗೆ ಮಕ್ಕಳ ಜೊತೆ ಕೆರೆ ಸುತ್ತುವ ನಮ್ಮನ್ನು ಅಪ್ಪ ಅಮ್ಮಂದಿರು, ಅಜ್ಜಿ ತಾತಂದಿರು, ಟೀಚರ್‌ಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಕ್ರಿಕೆಟ್ ಇದೆ, ಕರಾಟೆ ಇದೆ, ಸಂಗೀತ ಇದೆ. ಹಕ್ಕಿ ನೋಡುವುದೇ ಯಾಕೆ?

ಹೊಸ ಊರಿನಲ್ಲಿ ಮಗುವನ್ನು ಹೆಚ್ಚು ಕಾಡುವುದು ತನಗೊಬ್ಬನಿಗೇ ಏನೂ ಗೊತ್ತಿಲ್ಲ ಅನ್ನುವ ಭಾವನೆ. ಗಲ್ಲಿ ಕ್ರಿಕೆಟ್‌ನಲ್ಲಿ ಚೆಂಡು ಯಾರ ಕಾಂಪೌಂಡಿಗೆ ಬಿದ್ದರೆ ಔಟು ಅಂತ ಎಲ್ಲ ಹುಡುಗರಿಗೂ ಗೊತ್ತು, ಇವನಿಗೆ ಗೊತ್ತಿಲ್ಲ. ದಸರಾ ರಜೆ ಯಾವಾಗ, ಯಾವ ಟೀಚರ್ ಜೋರು, ಕ್ಯಾಂಟೀನಿನಲ್ಲಿ ಏನು ಚೆನ್ನಾಗಿರುತ್ತದೆ, ಎಲ್ಲದಕ್ಕೂ ಇನ್ನೊಬ್ಬರನ್ನು ಕೇಳಬೇಕು. ಕೇಳಲು ಭಾಷೆಯೂ ಇಲ್ಲ. ಕ್ಲಾಸಿಗೆ ಸೇರಿಸಿದರೆ ಅಲ್ಲಿಯೂ ಇವನೇ ಕೊನೆಯವನು. ಉಳಿದವರು ಎರಡು ವರ್ಷ ಮುಂದಿರುತ್ತಾರೆ.

ಹಕ್ಕಿಗಳ ವಿಷಯದಲ್ಲಿ ಹಾಗಿಲ್ಲ. ಮೈಸೂರಿನಲ್ಲೇ ಹುಟ್ಟಿ ಬೆಳೆದ ಮಗುವಿಗೂ ಸಾಮಾನ್ಯವಾಗಿ ಕಾಗೆ, ಗುಬ್ಬಿ, ಗಿಳಿ, ಪಾರಿವಾಳ, ಹದ್ದು ಇಷ್ಟೇ ಗೊತ್ತು. ಹಾಗಾಗಿ ಎಲ್ಲರೂ ಒಂದೇ ಗೆರೆಯಿಂದ ಹೊರಡುತ್ತಾರೆ. ದಿನಾ ಹತ್ತು ನಿಮಿಷ ಗಮನವಿಟ್ಟು ನೋಡುವ ಮಗು ಕೆಲವೇ ತಿಂಗಳಲ್ಲಿ ತನ್ನ ಬೀದಿಯ ಬಗ್ಗೆ ಆ ಬೀದಿಯವರಿಗೇ ಗೊತ್ತಿಲ್ಲದ ಸಂಗತಿ ಹೇಳಬಲ್ಲದು. ಆಗ ಅವರು ಕೇಳುವವರು, ಇವನು ಹೇಳುವವನು. ನನ್ನ ಮಟ್ಟಿಗೆ ಇದೇ ಮುಖ್ಯ.

ಕುವೆಂಪುನಗರದ ಅಜ್ಜಿ ಮನೆಗೆ ಟೆಕ್ಸಾಸ್‌ನಿಂದ ಬಂದ ಒಬ್ಬ ಹುಡುಗ ಇದ್ದ. ಬೆಳಗ್ಗೆ ಎದ್ದ ಕೂಡಲೇ ಎಲ್ಲಿಂದಲೋ ಒಂದೇ ಸಮನೆ 'ಟಕ್ ಟಕ್ ಟಕ್' ಅಂತ ಸದ್ದು ಕೇಳುತ್ತಿತ್ತು. ಪಕ್ಕದಲ್ಲಿ ಯಾವುದೋ ವರ್ಕ್‌ಶಾಪ್ ಇದೆ ಅಂದುಕೊಂಡಿದ್ದ. ಮನೆಯವರಿಗೆ ಆ ಸದ್ದು ಕಿವಿಗೆ ಬೀಳುವುದೇ ನಿಂತುಹೋಗಿತ್ತು. ಒಂದು ದಿನ ತಾರಸಿಗೆ ಹೋಗಿ ಹುಡುಕಿದ. ಮರದ ತುದಿಯ ಒಣಕೊಂಬೆಯ ಮೇಲೆ ಗುಬ್ಬಿಗಿಂತ ಸ್ವಲ್ಪ ದೊಡ್ಡ ಹಸಿರು ಹಕ್ಕಿ, ಹಣೆಯಲ್ಲಿ ಕೆಂಪು. ಕಂಚುಕುಟಿಗ. ಅಜ್ಜಿಯನ್ನು ಕರೆದು ತೋರಿಸಿದ. ಆ ಮನೆಯಲ್ಲಿ ನಲವತ್ತು ವರ್ಷ ಇದ್ದ ಅಜ್ಜಿ ಅದನ್ನು ಮೊದಲ ಸಲ ನೋಡಿದರು. ಅವತ್ತಿನಿಂದ ಬಂದ ನೆಂಟರನ್ನೆಲ್ಲ ತಾರಸಿಗೆ ಹತ್ತಿಸುವುದು ಆ ಹುಡುಗನ ಕೆಲಸವಾಯಿತು.

ಬಂದ ಮೇಲೆ ನಮ್ಮ ಮಗ ಮಾತೇ ಕಡಿಮೆ ಮಾಡಿದ್ದಾನೆ. ಇದಕ್ಕೆ ಹವ್ಯಾಸ ಸಾಕಾ, ಡಾಕ್ಟರ್‌ಗೆ ತೋರಿಸಬೇಕಾ?

ಗೊತ್ತಿಲ್ಲದ ಭಾಷೆಯ ನಡುವೆ ಬಂದ ಮಕ್ಕಳು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಶಾಲೆಯಲ್ಲಿ ಮೌನ, ಮನೆಯಲ್ಲಿ ತನ್ನ ಭಾಷೆಯಲ್ಲಿ ಮಾತು, ಊಟ ನಿದ್ದೆ ಸರಿಯಾಗಿದೆ ಅಂದರೆ ಕಾಯಬಹುದು. ಮನೆಯಲ್ಲಿಯೂ ಮಾತು ನಿಂತಿದ್ದರೆ, ನಿದ್ದೆ ಕೆಟ್ಟಿದ್ದರೆ, ಮೊದಲು ಇಷ್ಟಪಡುತ್ತಿದ್ದ ಯಾವುದೂ ಬೇಡ ಅನ್ನುತ್ತಿದ್ದರೆ ಕಾಯಬೇಡಿ. ಮಕ್ಕಳ ಡಾಕ್ಟರ್‌ಗೆ ತೋರಿಸಿ. ಮಾತು ಮತ್ತು ಕಿವಿಯ ತೊಂದರೆಗಳಿಗೆ ನಮ್ಮ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಬೇರೆ ಬೇರೆ ಕಡೆಯಿಂದ ಜನ ಅಲ್ಲಿಗೆ ಬರುತ್ತಾರೆ. ಹಕ್ಕಿ ನೋಡುವುದು ಚಿಕಿತ್ಸೆ ಅಂತ ನಾನು ಎಂದೂ ಹೇಳುವುದಿಲ್ಲ.

ಮೌನವಾಗಿರುವ ಮಗುವಿಗೆ ಕೆರೆ ದಂಡೆ ಆರಾಮ ಅನ್ನುವುದಂತೂ ನಿಜ. ಅಲ್ಲಿ ಮಾತಾಡದಿರುವುದೇ ಶಿಸ್ತು. ದೊಡ್ಡವರೂ ಬಾಯಿ ಮುಚ್ಚಿಕೊಂಡು ಬೆರಳು ತೋರಿಸುತ್ತಾರೆ. ಮಾತು ಬಾರದವನು ಅಂತ ಅಲ್ಲಿ ಯಾರೂ ಬೇರೆಯಾಗಿ ಕಾಣುವುದಿಲ್ಲ.

ಎಲ್ಲಿಂದ ಶುರು ಮಾಡಬೇಕು?

ಮನೆ ಕಿಟಕಿಯಿಂದ. ಮೊದಲ ವಾರವೇ ಕಾರು ಮಾಡಿಕೊಂಡು ರಂಗನತಿಟ್ಟಿಗೆ ಹೋಗಬೇಡಿ. ಒಂದೇ ಸಲ ನೂರಾರು ಹಕ್ಕಿ ಕಂಡರೆ ಮಗುವಿಗೆ ಯಾವುದೂ ನೆನಪಿರುವುದಿಲ್ಲ. ಅದು ಪ್ರವಾಸ ಆಗುತ್ತದೆ, ಅಷ್ಟೇ.

ನಮ್ಮ ಬಡಾವಣೆಗಳಲ್ಲಿ ಸುಮ್ನೆ ಕೂತರೂ ಎಷ್ಟೋ ಸಿಗುತ್ತವೆ. ಗುಂಪಾಗಿ ನೆಲದ ಮೇಲೆ ಗಲಾಟೆ ಮಾಡುವ ಹರಟೆಮಲ್ಲ. ತಲೆ ಮೇಲೆ ಜುಟ್ಟು, ಬಾಲದ ಬುಡದಲ್ಲಿ ಕೆಂಪು ಇರುವ ಪಿಕಳಾರ. ದಾಸವಾಳದ ಹೂವಿಗೆ ಬರುವ ಸೂರಕ್ಕಿ. ವಿದ್ಯುತ್ ತಂತಿ ಮೇಲೆ ಕೂರುವ, ಕವಲು ಬಾಲದ ಕಾಜಾಣ. ಕಪ್ಪು ಬಿಳುಪಿನ ಮಡಿವಾಳ ಹಕ್ಕಿ. ಪೊದೆಯಿಂದ ಪೊದೆಗೆ ಭಾರವಾಗಿ ಹಾರುವ, ಕಂದು ರೆಕ್ಕೆಯ ಕೆಂಬೂತ. ಈ ಆರನ್ನು ಗುರುತಿಸುವ ಹೊತ್ತಿಗೆ ಮಗುವಿಗೆ ಮುಂದಿನದು ತಾನಾಗಿಯೇ ಬೇಕಾಗುತ್ತದೆ.

ಒಂದು ನೋಟ್‌ಬುಕ್ ಕೊಡಿ. ತಾರೀಖು, ಜಾಗ, ಕಂಡ ಹಕ್ಕಿ, ಅದು ಏನು ಮಾಡುತ್ತಿತ್ತು. ಯಾವ ಭಾಷೆಯಲ್ಲಿ ಬರೆದರೂ ಸರಿ. ಚಿತ್ರ ಬಿಡಿಸಿದರೂ ಸರಿ. ದಯವಿಟ್ಟು ಅದರಲ್ಲಿ ಕಾಗುಣಿತ ತಿದ್ದಲು ಹೋಗಬೇಡಿ. ಅದು ಶಾಲೆಯ ಪುಸ್ತಕ ಆಗಬಾರದು.

ಕುಕ್ಕರಹಳ್ಳಿ ಕೆರೆಯಲ್ಲಿ ಏನೇನು ಕಾಣುತ್ತದೆ?

ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಇದು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಗದ್ದೆಗಳಿಗೆ ನೀರುಣಿಸಲು ಕಟ್ಟಿಸಿದ ಕೆರೆ. ಈಗ ಮೈಸೂರು ವಿಶ್ವವಿದ್ಯಾನಿಲಯದ ಆಡಳಿತದಲ್ಲಿದೆ. ಕುವೆಂಪು ನಡೆದಾಡುತ್ತಿದ್ದ ದಂಡೆ ಇದೇ. ಸುತ್ತ ನಡೆಯುವ ದಾರಿ ಚೆನ್ನಾಗಿದೆ, ಕೂರಲು ಬೆಂಚುಗಳಿವೆ. ಊರ ಮಧ್ಯದಲ್ಲೇ ಇರುವುದರಿಂದ ವಾರಕ್ಕೊಮ್ಮೆ ಹೋಗಲು ಯಾರಿಗೂ ಕಷ್ಟವಿಲ್ಲ.

ಮೊದಲು ಕಣ್ಣಿಗೆ ಬೀಳುವುದು ಹೆಜ್ಜಾರ್ಲೆ. ಅಷ್ಟು ದೊಡ್ಡ ಹಕ್ಕಿ ಊರೊಳಗೆ ಇರಬಹುದು ಅಂತಲೇ ಮಕ್ಕಳು ನಂಬುವುದಿಲ್ಲ. ಕೊಕ್ಕಿನ ಕೆಳಗೆ ಜೋತುಬಿದ್ದ ಚೀಲದಿಂದ ನೀರಿನ ಸಮೇತ ಮೀನನ್ನು ಬಾಚಿ, ನೀರು ಬಸಿದು ನುಂಗುತ್ತದೆ. ಆಮೇಲೆ ನೀರುಕಾಗೆ. ಮುಳುಗಿ ಮೀನು ಹಿಡಿದು, ಬಂಡೆ ಅಥವಾ ಕೊಂಬೆಯ ಮೇಲೆ ರೆಕ್ಕೆ ಹರಡಿಕೊಂಡು ನಿಲ್ಲುತ್ತದೆ. ಅದು ಯಾಕೆ ಹಾಗೆ ನಿಂತಿದೆ ಅಂತ ಪ್ರತಿ ಮಗುವೂ ಕೇಳುತ್ತದೆ. ಬಾತುಕೋಳಿಯ ಪುಕ್ಕದ ಹಾಗೆ ಇದರ ಪುಕ್ಕ ನೀರನ್ನು ಪೂರ್ತಿ ತಡೆಯುವುದಿಲ್ಲ, ನೆನೆಯುತ್ತದೆ. ನೆಂದರೆ ಮುಳುಗಲು ಸುಲಭ. ಆದರೆ ಹೊರಗೆ ಬಂದ ಮೇಲೆ ಒಣಗಿಸಿಕೊಳ್ಳಬೇಕು. ಹಾವಕ್ಕಿಯೂ ಹಾಗೆಯೇ. ಈಜುವಾಗ ಮೈಯೆಲ್ಲ ನೀರೊಳಗೆ, ಉದ್ದ ಕುತ್ತಿಗೆ ಮಾತ್ರ ಹೊರಗೆ. ದೂರದಿಂದ ಹಾವು ಈಜಿದಂತೆಯೇ ಕಾಣುತ್ತದೆ.

ಹಣೆಯಲ್ಲಿ ಬಿಳಿ ಗುರುತಿರುವ ಕಪ್ಪು ಹಕ್ಕಿ ನಾಮದ ಕೋಳಿ. ಪುಟ್ಟದಾಗಿ ತೇಲುತ್ತಾ ಕಣ್ಣೆದುರೇ ಮಾಯವಾಗಿ ಇನ್ನೆಲ್ಲೋ ಏಳುವುದು ಗುಳುಮುಳಕ. ಅದು ಎಲ್ಲಿ ಏಳುತ್ತದೆ ಅಂತ ಊಹಿಸುವುದು ನಮ್ಮ ಮಕ್ಕಳ ಆಟ. ಈ ಆಟಕ್ಕೆ ಕನ್ನಡ ಬೇಡ, ಇಂಗ್ಲಿಷ್ ಬೇಡ. ಬೆರಳು ಸಾಕು. ಬೇರೆ ಬೇರೆ ಮನೆಮಾತಿನ ಮಕ್ಕಳು ಮೊದಲ ಸಲ ಒಟ್ಟಿಗೆ ನಗುವುದನ್ನು ನಾನು ಜಾಸ್ತಿ ನೋಡಿರುವುದು ಗುಳುಮುಳಕದ ಮುಂದೆಯೇ.

ಬೇರೆ ಯಾವ ಕೆರೆಗಳಿಗೆ ಹೋಗಬಹುದು?

ಚಾಮುಂಡಿ ಬೆಟ್ಟದ ಬುಡದಲ್ಲಿ, ಮೃಗಾಲಯದ ಪಕ್ಕದ ಕಾರಂಜಿ ಕೆರೆ. ಟಿಕೆಟ್ ಇದೆ, ಮಂಗಳವಾರ ರಜೆ. ಒಳಗೆ ನಡೆದು ಹೋಗಬಹುದಾದ ದೊಡ್ಡ ಪಂಜರವಿದೆ. ಅದಕ್ಕಿಂತ ಹೊರಗಿನ ಮರಗಳ ಮೇಲೆ ಕೂರುವ ಬಣ್ಣದ ಕೊಕ್ಕರೆಗಳನ್ನು ತೋರಿಸಿ ಅನ್ನುವುದು ನನ್ನ ಮಾತು. ರಾಮಕೃಷ್ಣನಗರದ ಕಡೆಯವರಿಗೆ ಲಿಂಗಾಂಬುಧಿ ಕೆರೆ ಹತ್ತಿರ.

ಚಳಿಗಾಲದಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಟಿಬೆಟ್, ಮಂಗೋಲಿಯಾ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿಗಳಿವು. ಬೈಲಕುಪ್ಪೆಯಲ್ಲಿ 1961ರಿಂದ ಟಿಬೆಟನ್ ಕುಟುಂಬಗಳಿವೆ. ಅಲ್ಲಿಯ ಮಕ್ಕಳ ಜೊತೆ ಈ ಬಾತುಗಳನ್ನು ನೋಡುವುದು ನನಗೆ ತುಂಬಾ ಬೆಲೆಯ ಅನುಭವ.

ಇಲ್ಲಿ ಒಂದು ಕಳಕಳಿಯ ಮಾತು. 'ನೋಡು, ನೀನೂ ಈ ಹಕ್ಕಿ ಥರಾನೇ ದೂರದಿಂದ ಬಂದಿದ್ದೀಯ' ಅಂತ ಮಗುವಿಗೆ ಹೇಳಬೇಡಿ. ಎಲ್ಲ ದೊಡ್ಡವರಿಗೂ ಇದನ್ನು ಹೇಳುವ ಆಸೆ ಬರುತ್ತದೆ. ಹೆಬ್ಬಾತು ಬೇಸಿಗೆ ಬರುತ್ತಿದ್ದಂತೆ ವಾಪಸ್ ಹೋಗುತ್ತದೆ. ಮಗು ಹೋಗುವ ಹಾಗಿಲ್ಲ. ಆ ವ್ಯತ್ಯಾಸ ಮಗುವಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ನಾವು ಮಂಡ್ಯದಲ್ಲಿದ್ದೇವೆ. ನಮಗೆ ಎಲ್ಲಿ?

ನಿಮ್ಮದೇ ಅದೃಷ್ಟ ಅಂತ ಹೇಳಬೇಕು. ರಂಗನತಿಟ್ಟು ಇರುವುದು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣವೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೂ ಆಯಿತು. ದೋಣಿಯಲ್ಲಿ ಹೋದರೆ ಗೂಡುಗಳು ತೀರಾ ಹತ್ತಿರ. ಬಂಡೆಗಳ ಮೇಲೆ ಮೊಸಳೆ ಮಲಗಿರುತ್ತದೆ, ಕೈ ನೀರಿಗೆ ಬಿಡಬಾರದು. ಬಾಯಿಕಳಕ ಕೊಕ್ಕರೆಯನ್ನು ತೋರಿಸಲು ಮರೆಯಬೇಡಿ. ಅದರ ಕೊಕ್ಕು ಮುಚ್ಚಿದರೂ ಮಧ್ಯೆ ಸಂದು ಉಳಿಯುತ್ತದೆ. ಬಸವನಹುಳು ತಿನ್ನುವ ಹಕ್ಕಿ ಅದು.

ಆದರೆ ಹೊಸದಾಗಿ ಬಂದ ಮಗುವನ್ನು ಒಂದೇ ಒಂದು ಜಾಗಕ್ಕೆ ಕರೆದುಕೊಂಡು ಹೋಗಬೇಕು ಅಂದರೆ ನಾನು ಕೊಕ್ಕರೆಬೆಳ್ಳೂರು ಅನ್ನುತ್ತೇನೆ. ಮದ್ದೂರು ತಾಲ್ಲೂಕಿನ ಊರು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರುದ್ರಾಕ್ಷಿಪುರದ ಹತ್ತಿರ ಒಳಗೆ ತಿರುಗಬೇಕು. ಅಲ್ಲಿ ಬೇಲಿಯಿಲ್ಲ, ದೋಣಿಯಿಲ್ಲ. ಮನೆ ಪಕ್ಕದ ಹುಣಸೆಮರದ ಮೇಲೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳ ಗೂಡು. ಕೆಳಗೆ ದನ ಕಟ್ಟಿರುತ್ತಾರೆ, ಹೆಂಗಸರು ಪಾತ್ರೆ ತೊಳೆಯುತ್ತಿರುತ್ತಾರೆ. ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರವಾಗಿ ಬಳಸುತ್ತಾ ಬಂದಿದ್ದಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಹುಡುಗರೇ ಸಾಕಿ ಬಿಟ್ಟಿದ್ದಾರೆ. ಹೆಜ್ಜಾರ್ಲೆ ಬಳಗ ಅನ್ನುವ ಗುಂಪೇ ಅಲ್ಲಿದೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಡಿಸೆಂಬರ್‌ನಿಂದ ಮೇವರೆಗೆ ಹೋದರೆ ಗೂಡುಗಳನ್ನು ನೋಡಬಹುದು.

ಹೊರಗಿನಿಂದ ಬಂದವರಿಗೆ ಮರ ಬಿಟ್ಟುಕೊಟ್ಟ ಊರನ್ನು ಮಗು ಕಣ್ಣಾರೆ ನೋಡುತ್ತದೆ. ವಿವರಿಸುವ ಅಗತ್ಯವಿಲ್ಲ.

ದಿನನಿತ್ಯಕ್ಕೆ ವಿಶ್ವೇಶ್ವರಯ್ಯ ನಾಲೆಯ ಗದ್ದೆಗಳೇ ಸಾಕು. ಉಳುವಾಗ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿಗಳ ಸಾಲು ಇರುತ್ತದೆ. ನಾಲೆ ಏರಿಯ ತಂತಿ ಮೇಲೆ ಮಿಂಚುಳ್ಳಿ, ಕಳ್ಳಿಪೀರ. ನಾಲೆಯ ಅಂಚಿಗೆ ಮಾತ್ರ ಮಗುವನ್ನು ಒಂಟಿಯಾಗಿ ಬಿಡಬೇಡಿ. ಆ ನೀರಿನ ಸೆಳೆತ ಮೇಲಿಂದ ಗೊತ್ತಾಗುವುದಿಲ್ಲ.

ಹಕ್ಕಿ ನೋಡಿಕೊಂಡು ಕನ್ನಡ ಕಲಿಯುತ್ತಾನಾ?

ಕಲಿಯುತ್ತಾನೆ, ನೀವು ಅದಕ್ಕಾಗಿಯೇ ಕಳಿಸುತ್ತಿದ್ದೀರಿ ಅಂತ ಅವನಿಗೆ ಗೊತ್ತಾಗದಿದ್ದರೆ. ಕೆರೆ ದಂಡೆಯಲ್ಲಿ ಕನ್ನಡ ತನ್ನಷ್ಟಕ್ಕೆ ಬರುತ್ತದೆ. 'ಅಲ್ಲಿ, ಅಲ್ಲಿ', 'ಮೇಲೆ', 'ಎಡಗಡೆ ಕೊಂಬೆ', 'ಹಾರಿತು', 'ಅಯ್ಯೋ ಹೋಯ್ತು'. ಜಾಗ, ದಿಕ್ಕು, ಬಣ್ಣ, ಎಣಿಕೆ ಎಲ್ಲ ತುರ್ತಾಗಿ ಬೇಕಾಗುತ್ತವೆ. ತಡವಾಗಿ ಹೇಳಿದರೆ ಹಕ್ಕಿ ಇರುವುದಿಲ್ಲ. ಆ ಗಡಿಬಿಡಿಯಲ್ಲಿ ತಪ್ಪಾಗಿ ಮಾತಾಡುವ ನಾಚಿಕೆ ಮರೆತುಹೋಗುತ್ತದೆ.

ಬೆಳಗಿನ ವಾಕಿಂಗ್‌ಗೆ ಬರುವ ಹಿರಿಯರಿಂದಲೂ ತುಂಬಾ ಸಹಾಯ. ನೋಟ್‌ಬುಕ್ ಹಿಡಿದ ಮಗು ಕಂಡರೆ ನಮ್ಮೂರಿನ ತಾತಂದಿರು ನಿಲ್ಲದೆ ಹೋಗುವುದಿಲ್ಲ. 'ಏನ್ ಮರಿ ಬರೀತಾ ಇದೀಯ?' ಅಂತ ಶುರುವಾಗುತ್ತದೆ.

ಹಳೆಯ ಊರನ್ನೇ ನೆನೆದು ಅಳುತ್ತಾಳೆ. ಅದನ್ನು ಮರೆಸುವುದು ಹೇಗೆ?

ಮರೆಸಬೇಡಿ. ಮರೆಯಲು ಹೇಳಿದಷ್ಟೂ ಹೊಸ ಊರಿನ ಮೇಲೆ ಸಿಟ್ಟು ಜಾಸ್ತಿಯಾಗುತ್ತದೆ. ಅಲ್ಲಿ ಕಂಡ ಹಕ್ಕಿಗಳನ್ನೂ ನೋಟ್‌ಬುಕ್‌ನಲ್ಲಿ ಬರೆಯಲು ಹೇಳಿ. ಮೊದಲ ಪುಟ ಅದೇ ಇರಲಿ.

ಎರಡೂ ಕಡೆ ಇರುವ ಹಕ್ಕಿ ಸಿಕ್ಕಿದರೆ ಇನ್ನೂ ಒಳ್ಳೆಯದು, ಮತ್ತು ಅದು ಸಿಕ್ಕೇ ಸಿಗುತ್ತದೆ. ಲಂಡನ್ನಿನ ಪಾರ್ಕುಗಳಲ್ಲಿ ನಮ್ಮದೇ ಹಸಿರು ಗಿಳಿಗಳು ಹಿಂಡು ಹಿಂಡಾಗಿವೆ. ಮೆಲ್ಬರ್ನ್‌ಗೆ 1860ರ ದಶಕದಲ್ಲಿ ನಮ್ಮ ಗೊರವಂಕವನ್ನು ತೆಗೆದುಕೊಂಡು ಹೋಗಿ ಬಿಟ್ಟರು. ಈಗ ಅಲ್ಲಿ ಅದು ಬೀದಿ ಹಕ್ಕಿ. ದುಬೈಯಲ್ಲೂ ಗೊರವಂಕ ಇದೆ. ನ್ಯೂಯಾರ್ಕ್‌ಗೆ 1850ರ ದಶಕದಲ್ಲಿ ಗುಬ್ಬಚ್ಚಿಯನ್ನು ಯುರೋಪಿನಿಂದ ತಂದರು. ಒಡಿಶಾದಿಂದ ಬಂದ ಮಗುವಿಗೆ ನೀಲಕಂಠ ತೋರಿಸಿ. ಅದು ಕರ್ನಾಟಕದ ರಾಜ್ಯಪಕ್ಷಿ, ಒಡಿಶಾದ್ದೂ ಅದೇ. ಜಾರ್ಖಂಡ್‌ನ ಮಗುವಿಗೆ ಕೋಗಿಲೆ, ಬಿಹಾರದ ಮಗುವಿಗೆ ಗುಬ್ಬಚ್ಚಿ ಅವರವರ ರಾಜ್ಯಪಕ್ಷಿ.

ನೇಪಾಳದಿಂದ ಅಡುಗೆ ಕೆಲಸಕ್ಕೆ ಬಂದವರ ಮಗಳೊಬ್ಬಳು ನಮ್ಮ ಜೊತೆ ಬರುತ್ತಿದ್ದಳು. ಅವರ ರಾಷ್ಟ್ರಪಕ್ಷಿ ಡಾಂಫೆ ಇಲ್ಲಿ ಕಾಣಲು ಸಾಧ್ಯವೇ ಇಲ್ಲ. ಅದು ಹಿಮಾಲಯದ ಎತ್ತರದಲ್ಲಿರುವ ಹಕ್ಕಿ. ಅವಳು ಅದನ್ನು ಬಣ್ಣದ ಪೆನ್ಸಿಲ್‌ನಲ್ಲಿ ಬಿಡಿಸಿ ತಂದಳು. ಕೊರಳಲ್ಲಿ ತಾಮ್ರ, ಬೆನ್ನಲ್ಲಿ ನೀಲಿ, ತಲೆ ಮೇಲೆ ಜುಟ್ಟು. ನಮ್ಮ ಮಕ್ಕಳು ಒಂದೊಂದಾಗಿ ಪ್ರಶ್ನೆ ಕೇಳಿದರು. ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಅವಳೇ ಉತ್ತರ ಕೊಟ್ಟಳು. ನಾವು ದೊಡ್ಡವರು ಯಾರೂ ಬಾಯಿ ಹಾಕಲಿಲ್ಲ.

ದುರ್ಬೀನು ಕೊಡಿಸಬೇಕಾ?

ಶುರುವಿನಲ್ಲೇ ಬೇಡ. ಬರಿಗಣ್ಣಿಗೆ ಹಕ್ಕಿ ಹುಡುಕುವುದು ಅಭ್ಯಾಸವಾದ ಮೇಲೆ ಕೊಡಿಸಿ. 8x42 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ದೊಡ್ಡ ಮಕ್ಕಳಿಗೆ ಅದು ಸರಿ. ಚಿಕ್ಕ ಕೈಗಳಿಗೆ ಭಾರವಾದರೆ 8x30 ಸಾಕು. ಹೆಚ್ಚು ಪಟ್ಟಿನದು ಕೊಂಡರೆ ಕೈ ನಡುಗಿ ಏನೂ ಕಾಣುವುದಿಲ್ಲ. ಕೊಳ್ಳಲು ಆಗದಿದ್ದರೆ ಅದಕ್ಕಾಗಿ ಚಿಂತೆ ಬೇಡ. ಗುಂಪಿನಲ್ಲಿ ಒಂದಿದ್ದರೆ ಕೈಯಿಂದ ಕೈಗೆ ಹೋಗುತ್ತದೆ.

ಮೊಬೈಲ್ ಆ್ಯಪ್ ಬಳಸಬಹುದಾ?

ಬಳಸಬಹುದು, ನಿಮ್ಮ ಫೋನಿನಲ್ಲಿ. ಕಾರ್ನೆಲ್ ವಿಶ್ವವಿದ್ಯಾಲಯದವರ ಮರ್ಲಿನ್ ಉಚಿತ. ಹಕ್ಕಿಯ ಕೂಗು ಕೇಳಿಸಿದರೆ ಹೆಸರು ಊಹಿಸಿ ಹೇಳುತ್ತದೆ. ಮೊದಲು ಮಗು ಊಹಿಸಲಿ, ಆಮೇಲೆ ಆ್ಯಪ್ ನೋಡಿ. ಕಂಡದ್ದನ್ನು ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ನಲ್ಲಿ ದಾಖಲಿಸಿದರೆ ಸಂಶೋಧಕರಿಗೂ ಉಪಯೋಗ. ಮೈಸೂರಿನಲ್ಲೇ ಇರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಅರ್ಲಿ ಬರ್ಡ್ ತಂಡ ಮಕ್ಕಳಿಗಾಗಿ ಚಿತ್ರಪಟ, ಕಿರುಕೈಪಿಡಿಗಳನ್ನು ಮಾಡಿದೆ. ಕನ್ನಡದಲ್ಲೂ ಇವೆ. ಚಿಕ್ಕ ಮಕ್ಕಳಿಗೆ ಫೋನಿಗಿಂತ ಇವೇ ಒಳ್ಳೆಯವು.

ಅಷ್ಟು ಇಷ್ಟ ಇದ್ದರೆ ಮನೆಯಲ್ಲೇ ಒಂದು ಗಿಳಿ ಸಾಕಿದರೆ ಆಗಲ್ವಾ?

ಆಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಗಿಳಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ತಾರಸಿಯಲ್ಲಿ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಡಿ. ದಿನಾ ತೊಳೆದು ಬದಲಿಸುವ ಜವಾಬ್ದಾರಿ ಮಗುವಿಗೇ ಇರಲಿ. ಬೇಸಿಗೆಯಲ್ಲಿ ಬರುವವರನ್ನು ನೋಡಿ.

ಶಾಲೆಯಲ್ಲಿ ಗೇಲಿ ಮಾಡುತ್ತಾರೆ. ಹಕ್ಕಿ ಹುಚ್ಚ ಅಂತಾರಂತೆ.

ಉಚ್ಚಾರಣೆಗೆ, ಬಣ್ಣಕ್ಕೆ, ಊಟದ ಡಬ್ಬಿಗೆ ಗೇಲಿ ಮಾಡಿದರೆ ಅದನ್ನು ಸಹಿಸಬೇಕಿಲ್ಲ. ನೇರವಾಗಿ ಟೀಚರ್ ಹತ್ತಿರ ಮಾತಾಡಿ. ಹಕ್ಕಿ ಹುಚ್ಚ ಅನ್ನುವುದು ಬೇರೆ. ಅಡ್ಡಹೆಸರು ಬಿತ್ತು ಅಂದರೆ ಗುಂಪಿನಲ್ಲಿ ಒಂದು ಜಾಗವೂ ಸಿಗುತ್ತಿದೆ ಅಂತ ಇರಬಹುದು. ಮಗು ಅದನ್ನು ಹೇಗೆ ತೆಗೆದುಕೊಂಡಿದೆ ಅಂತ ಮೊದಲು ಕೇಳಿ.

ಟೀಚರ್‌ಗಳಿಗೆ ಒಂದು ಕೋರಿಕೆ. ಬೋರ್ಡಿನ ಮೂಲೆಯಲ್ಲಿ 'ಇವತ್ತು ಕಂಡ ಹಕ್ಕಿ' ಅಂತ ಒಂದು ಸಾಲು ಬಿಡಿ. ಹೊಸ ಮಗುವನ್ನು ಎದ್ದು ನಿಲ್ಲಿಸಿ ಪರಿಚಯ ಹೇಳಿಸುವುದಕ್ಕಿಂತ ಇದು ಎಷ್ಟೋ ಮೇಲು.

ನನ್ನ ಮಗಳಿಗೆ ಹಕ್ಕಿ ಅಂದರೆ ಬೇಜಾರು. ಏನು ಮಾಡಲಿ?

ಒತ್ತಾಯ ಮಾಡಬೇಡಿ. ರೈಲು ಇಷ್ಟವಾದರೆ ಮೈಸೂರು ರೈಲು ವಸ್ತುಸಂಗ್ರಹಾಲಯವಿದೆ. ಕುಸ್ತಿ ಇಷ್ಟವಾದರೆ ಗರಡಿಮನೆಗಳಿವೆ, ದಸರಾ ಕುಸ್ತಿ ಇದೆ. ಮರ, ಚಿಟ್ಟೆ, ಕಲ್ಲು ಏನಾದರೂ ಆಗಬಹುದು. ಈ ಊರಿನ ನೆಲಕ್ಕೆ ಸೇರಿದ್ದು ಆಗಿರಲಿ, ಆಯ್ಕೆ ಅವಳದೇ ಆಗಿರಲಿ.

ನಾವು ಒಂದೆರಡು ವರ್ಷದಲ್ಲಿ ಮತ್ತೆ ಊರು ಬಿಡುತ್ತೇವೆ. ಆದರೂ ಶುರು ಮಾಡಬೇಕಾ?

ಖಂಡಿತ. ಕೂಲಿ ಕೆಲಸದವರು, ವರ್ಗಾವಣೆಯವರು ಇದನ್ನು ಜಾಸ್ತಿ ಕೇಳುತ್ತಾರೆ. ಕಬ್ಬು ಕಡಿಯಲು ಬಂದವರ ಮಕ್ಕಳು ಮಂಡ್ಯದಲ್ಲಿ ಕೆಲವೇ ತಿಂಗಳು ಇರುತ್ತಾರೆ. ಆ ತಿಂಗಳುಗಳಲ್ಲೂ ಅವರು ಇಲ್ಲೇ ಬದುಕುತ್ತಿರುತ್ತಾರೆ. ಮುಂದಿನ ಊರಿಗೆ ನೋಟ್‌ಬುಕ್ ಜೊತೆಗೆ ಹೋಗುತ್ತದೆ. ಅಲ್ಲಿ ಎಲ್ಲಿಂದ ಶುರು ಮಾಡಬೇಕು ಅಂತ ಮಗುವಿಗೆ ಆಗ ಗೊತ್ತಿರುತ್ತದೆ.

ಯಾವಾಗ ಬಂದು ಸೇರಿಕೊಳ್ಳಬಹುದು?

ಯಾವ ಭಾನುವಾರವಾದರೂ ಸರಿ. ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆ ಒಳ್ಳೆಯ ಹೊತ್ತು. ಹೊಸದಾಗಿ ಶುರು ಮಾಡುವವರಿಗೆ ನವೆಂಬರ್‌ನಿಂದ ಫೆಬ್ರವರಿ ಅನುಕೂಲ, ವಲಸೆ ಹಕ್ಕಿಗಳೂ ಇರುತ್ತವೆ. ಫೆಬ್ರವರಿ ಮಧ್ಯದಲ್ಲಿ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅಂತ ನಾಲ್ಕು ದಿನ ಪ್ರಪಂಚದಾದ್ಯಂತ ಹಕ್ಕಿ ಎಣಿಸುತ್ತಾರೆ. ಕನಿಷ್ಠ ಹದಿನೈದು ನಿಮಿಷ ಒಂದು ಕಡೆ ನಿಂತು ಎಣಿಸಿ ದಾಖಲಿಸಿದರೆ ಸಾಕು. ಬಿಟ್ಟು ಬಂದ ಊರಿನ ಗೆಳೆಯನೂ ಅದೇ ದಿನ ಅಲ್ಲಿ ಎಣಿಸಬಹುದು, ಸಂಜೆ ಇಬ್ಬರೂ ಫೋನಿನಲ್ಲಿ ಪಟ್ಟಿ ಓದಿಕೊಳ್ಳಬಹುದು. ಬರುವಾಗ ನೀರು, ಟೋಪಿ, ಪೆನ್ಸಿಲ್ ತನ್ನಿ. ಕೆಂಪು, ಬಿಳಿ, ಹೊಳೆಯುವ ಬಟ್ಟೆ ಬೇಡ. ಚಿಪ್ಸ್ ಪ್ಯಾಕೆಟ್ ಕೂಡ ಬೇಡ. ಅಜ್ಜಿ ತಾತಂದಿರೂ ಬರಬಹುದು.